ಪಾಠ ಗುರುವಿನದು, ಅಭ್ಯಾಸ ಮನೆಯದು

ಸಂಗೀತ ಕಲಿಯುವ ಮಗುವಿಗೆ ವಾರದಲ್ಲಿ ದೊರೆಯುವ ಪಾಠದ ಅವಧಿ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಗಂಟೆ. ವಾರದ ಒಟ್ಟು 168 ಗಂಟೆಗಳಲ್ಲಿ ಉಳಿದದ್ದೆಲ್ಲ ಗುರುವಿನ ಕಣ್ಣಿಗೆ ಬೀಳದೆ ಮನೆಯಲ್ಲಿ, ಶಾಲೆಯಲ್ಲಿ, ಟ್ಯೂಷನ್ನಿನಲ್ಲಿ, ಬಸ್ಸಿನಲ್ಲಿ ಕಳೆದುಹೋಗುತ್ತದೆ. ಕಲಿಕೆ ನೆಲೆ ನಿಲ್ಲುವುದೋ ಕರಗಿಹೋಗುವುದೋ ಎಂಬುದು ಈ ಉಳಿದ ಹೊತ್ತಿನಲ್ಲಿ ನಿರ್ಧಾರವಾಗುವುದರಿಂದ, ಸಂಗೀತ ಶಿಕ್ಷಣದ ಚರ್ಚೆಯಲ್ಲಿ ಗುರುಗಳಿಗೂ ಘರಾನೆಗಳಿಗೂ ಸಂದಿರುವ ಗಮನದ ಒಂದು ಪಾಲಾದರೂ ಮನೆಗೆ ಸಲ್ಲಬೇಕಾಗಿತ್ತು. ಮನೆಯ ಮಾತು ಬಂದಾಗಲೆಲ್ಲ ಅದು ಫೀಸು ಕಟ್ಟುವ, ಮಗುವನ್ನು ಕರೆದೊಯ್ದು ಕರೆತರುವ ಮಟ್ಟಕ್ಕೇ ನಿಂತುಬಿಡುತ್ತದೆ. ಮುಂಬಯಿಯಂಥ ಮಹಾನಗರದಲ್ಲಿ, ಅದರಲ್ಲೂ ಕನ್ನಡಿಗರು ತಲೆಮಾರುಗಳಿಂದ ನೆಲೆಸಿರುವ ಸಾಂತಾಕ್ರೂಜ್‌ನಂಥ ಉಪನಗರದಲ್ಲಿ, ಮನೆಯ ಪಾತ್ರ ಇದಕ್ಕಿಂತ ಬಹಳ ದೊಡ್ಡದು ಮತ್ತು ಕಷ್ಟದ್ದು.

ಪಶ್ಚಿಮ ರೈಲ್ವೆಯ ಖಾರ್ ಮತ್ತು ವಿಲೇಪಾರ್ಲೆ ನಿಲ್ದಾಣಗಳ ನಡುವಣ ಸಾಂತಾಕ್ರೂಜ್‌ನ ಪಶ್ಚಿಮ ಭಾಗದಲ್ಲಿ, ಮನೆಯಲ್ಲಿ ಕೊಂಕಣಿಯನ್ನೂ ಓದುಬರಹಕ್ಕೆ ಕನ್ನಡವನ್ನೂ ಇಟ್ಟುಕೊಂಡು ಉತ್ತರ ಕನ್ನಡ, ದಕ್ಷಿಣ ಕನ್ನಡಗಳಿಂದ ಬಂದ ಚಿತ್ರಾಪುರ ಸಾರಸ್ವತರ ಸಾರಸ್ವತ ಕಾಲೊನಿ ಇದೆ. ಪೂರ್ವ ಭಾಗದಲ್ಲಿ ಪ್ರಭಾತ್ ಕಾಲೊನಿಯ ಪೇಜಾವರ ಮಠ, ಬಿಲ್ಲವರ ಅಸೋಸಿಯೇಶನ್ನಿನ ಬಿಲ್ಲವ ಭವನ, ಕಲೀನಾದ ವಿದ್ಯಾನಗರಿಯಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇವೆ. ಭಜನೆ, ದಾಸರ ಪದ, ಯಕ್ಷಗಾನದ ಚೆಂಡೆ ಮದ್ದಳೆ, ಹಿಂದೂಸ್ತಾನಿ ಖಯಾಲು, ಮರಾಠಿ ನಾಟ್ಯಗೀತೆ, ಹಿಂದಿ ಚಿತ್ರಗೀತೆ ಎಲ್ಲವೂ ಒಂದೇ ಓಣಿಯಲ್ಲಿ ಕೇಳಿಬರುವ ಈ ಪ್ರದೇಶದಲ್ಲಿ ಮಗುವಿಗೆ ಸಂಗೀತ ಕಲಿಸುವ ಆಸೆಗೆ ಕೊರತೆಯಿಲ್ಲ. ಗುರುಗಳಿಗೂ ಬರವಿಲ್ಲ. ಹತ್ತಿರದ ವಿಲೇಪಾರ್ಲೆಯಲ್ಲಿ ಮರಾಠಿ ಮನೆಗಳ ಹಿಂದೂಸ್ತಾನಿ ಪರಂಪರೆ ಗಟ್ಟಿಯಾಗಿದೆ. ಕರ್ನಾಟಕ ಸಂಗೀತ ಬೇಕೆಂದರೆ ಲೋಕಲ್ ಗಾಡಿಯಲ್ಲಿ ಖಾರ್, ಬಾಂದ್ರಾ, ಮಾಹಿಮ್ ದಾಟಿ ಮಾಟುಂಗಾ ರೋಡ್‌ನಲ್ಲಿ ಇಳಿದರಾಯಿತು, 1952ರಲ್ಲಿ ಸ್ಥಾಪನೆಯಾದ ಷಣ್ಮುಖಾನಂದ ಸಭೆ ಮತ್ತು ಅದರ ಸಂಗೀತ ವಿದ್ಯಾಲಯ ಇರುವುದು ಅದೇ ದಿಕ್ಕಿನಲ್ಲಿ. ಇಲ್ಲದಿರುವುದು ಬೇರೆ: ಮಗು ಕೂತು ಸಾಧಕ, ಅಂದರೆ ಅಭ್ಯಾಸ, ಮಾಡಲು ಒಂದು ಮೂಲೆ, ಯಾರೂ ಅಡ್ಡ ಬರದ ಅರ್ಧ ಗಂಟೆ, ಅದನ್ನು ಕೇಳಿಸಿಕೊಳ್ಳುವ ಒಬ್ಬರು.

ಈ ಕೊರತೆ ಹಳೆಯ ಪದ್ಧತಿಯಲ್ಲಿ ಇರಲಿಲ್ಲ. ಗುರುಕುಲವೆಂದರೆ ಶಿಷ್ಯನು ಗುರುವಿನ ಮನೆಯಲ್ಲೇ ಉಳಿದು ಕಲಿಯುವ ವ್ಯವಸ್ಥೆ. ಅಲ್ಲಿ ಪಾಠವೂ ಅಭ್ಯಾಸವೂ ಒಂದೇ ಸೂರಿನಡಿ ನಡೆಯುತ್ತಿದ್ದವು, ತಪ್ಪು ಸ್ವರ ಹತ್ತಿದರೆ ಒಳಮನೆಯಿಂದಲೇ ತಿದ್ದುವ ದನಿ ಬರುತ್ತಿತ್ತು. ಬೆಳಗಾವಿ ಜಿಲ್ಲೆಯ ಬೈಲಹೊಂಗಲದಲ್ಲಿ 1925ರಲ್ಲಿ ಹುಟ್ಟಿದ ಕೆ. ಜಿ. ಗಿಂಡೆಯವರು ಹನ್ನೊಂದರ ವಯಸ್ಸಿನಲ್ಲಿ ಲಖನೌಗೆ ಹೋಗಿ, ಸಂಗೀತಶಾಸ್ತ್ರಜ್ಞ ಭಾತಖಂಡೆಯವರ ಶಿಷ್ಯ ಎಸ್. ಎನ್. ರತಂಜನಕರ್ ಅವರ ಮನೆಮಗನಂತೆ ಬೆಳೆದು, ಮುಂದೆ ಮುಂಬಯಿಯ ಸಾಯನ್‌ನಲ್ಲಿರುವ ವಲ್ಲಭ ಸಂಗೀತಾಲಯದಲ್ಲಿ ಎಷ್ಟೋ ಮಕ್ಕಳಿಗೆ ಕಲಿಸಿದರು. ಭೀಮಸೇನ ಜೋಶಿಯವರು ಕುಂದಗೋಳದಲ್ಲಿ ಗುರು ಸವಾಯಿ ಗಂಧರ್ವರ ಮನೆಗೆ ನೀರು ಹೊರುತ್ತ ಕಲಿತದ್ದು ಕನ್ನಡಿಗರಿಗೆಲ್ಲ ಗೊತ್ತಿರುವ ಸಂಗತಿ. ವಾರಕ್ಕೆರಡು ತರಗತಿಯ ಇಂದಿನ ಕ್ರಮದಲ್ಲಿ ಪಾಠ ಗುರುವಿನ ಬಳಿ ಉಳಿದು, ಗುರುಕುಲದ ಉಳಿದರ್ಧ, ಅಂದರೆ ಹೊತ್ತಿಗೆ ಸರಿಯಾಗಿ ಕೂರಿಸುವ, ಕೇಳಿಸಿಕೊಳ್ಳುವ, ಬೇಸರವಾದಾಗ ಸುಧಾರಿಸುವ ಕೆಲಸ ಹೆತ್ತವರ ಪಾಲಿಗೆ ಬಂದಿದೆ. ಆದರೆ ಹೀಗೆ ಬಂದಿದೆ ಎಂದು ಅವರಿಗೆ ಯಾರೂ ಹೇಳಿಲ್ಲ. ಗುರುಕುಲದ ಪಾವಿತ್ರ್ಯದ ಬಗ್ಗೆ ಭಾಷಣ ಮಾಡುವವರು ಕೂಡ ಈ ಹಸ್ತಾಂತರವನ್ನು ಗಮನಿಸಿದಂತೆ ಕಾಣುವುದಿಲ್ಲ.

ಮನೆಯೊಂದು ಈ ಕೆಲಸವನ್ನು ಎಷ್ಟು ಗಂಭೀರವಾಗಿ ಹೊತ್ತುಕೊಳ್ಳಬಹುದು ಎಂಬುದಕ್ಕೆ ಉತ್ತರ ಕರ್ನಾಟಕದ ಸಂಗೀತ ಚರಿತ್ರೆಯಲ್ಲಿ ಅಂಬಾಬಾಯಿಯವರಿಗಿಂತ ದೊಡ್ಡ ನಿದರ್ಶನ ಸಿಗುವುದು ಕಷ್ಟ. ಗಂಗೂಬಾಯಿ ಹಾನಗಲ್ಲರ (1913–2009) ತಾಯಿಯಾದ ಅವರು ಸ್ವತಃ ಕರ್ನಾಟಕ ಸಂಗೀತದ ಗಾಯಕಿ. ಅವರ ಹಾಡನ್ನು ಕೇಳಲು ಕಿರಾನಾ ಘರಾನೆಯ ಅಬ್ದುಲ್ ಕರೀಂ ಖಾನರು ಬರುತ್ತಿದ್ದರು. ಮಗಳ ಒಲವು ಹಿಂದೂಸ್ತಾನಿಯ ಕಡೆಗಿದೆ ಎಂದು ತಿಳಿದಾಗ, ಎರಡು ಪದ್ಧತಿಗಳ ಗಮಕ ಬೆರೆತು ಮಗಳ ಗಾಯನ ಕಲಬೆರಕೆಯಾಗಬಾರದೆಂದು ತಾಯಿ ತನ್ನ ಸಂಗೀತವನ್ನೇ ನಿಲ್ಲಿಸಿದರು. ಗಮಕವೆಂದರೆ ಸ್ವರವನ್ನು ಅಲುಗಿಸುವ, ಜಾರಿಸುವ, ಒತ್ತುವ ಕ್ರಮ. ಅದು ಕರ್ನಾಟಕ ಪದ್ಧತಿಯಲ್ಲಿ ಒಂದು ಬಗೆ, ಹಿಂದೂಸ್ತಾನಿಯಲ್ಲಿ ಇನ್ನೊಂದು ಬಗೆ, ಮತ್ತು ಮಗುವಿನ ಕಿವಿ ಅದನ್ನು ಹೇಳಿಕೊಟ್ಟು ಕಲಿಯುವುದಕ್ಕಿಂತ ಮನೆಯ ಗಾಳಿಯಿಂದಲೇ ಹೆಚ್ಚು ಹೀರಿಕೊಳ್ಳುತ್ತದೆ. ಮಗಳ ಶಿಕ್ಷಣಕ್ಕಾಗಿ 1928ರಲ್ಲಿ ಕುಟುಂಬ ಧಾರವಾಡ ಬಿಟ್ಟು ಹುಬ್ಬಳ್ಳಿಗೆ ಬಂದಿತು. 1932ರಲ್ಲಿ ತಾಯಿ ತೀರಿಕೊಂಡರು; ಅದೇ ವರ್ಷದ ಆಸುಪಾಸಿನಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಮಗಳ ಧ್ವನಿ ಮುಂಬಯಿಯಲ್ಲಿ ಗ್ರಾಮಫೋನ್ ತಟ್ಟೆಗಳ ಮೇಲೆ ಮುದ್ರಣವಾಯಿತು. ಮುಂದೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ಸವಾಯಿ ಗಂಧರ್ವರ ಪಾಠಕ್ಕಾಗಿ ರೈಲಿನಲ್ಲಿ ಹೋಗಿ ಬರುವ ವರ್ಷಗಳಲ್ಲಿ, ಹಾಡುವ ಹೆಣ್ಣನ್ನು ಸಮಾಜ ಆಡಿಕೊಳ್ಳುತ್ತಿದ್ದ ಕಾಲದಲ್ಲಿ, ಮನೆಯವರು ಆಕೆಯ ಜೊತೆಗೆ ನಿಂತರು. ಎಲ್ಲ ತಾಯಂದಿರೂ ಅಂಬಾಬಾಯಿಯವರಂತೆ ತಮ್ಮ ಕಲೆಯನ್ನು ಬಲಿಗೊಡಬೇಕೆಂದು ಹೇಳುವುದು ಕ್ರೌರ್ಯವೇ ಆದೀತು. ಒಬ್ಬ ಕಲಾವಿದೆಯ ಮೌನದ ಬೆಲೆ ಎಷ್ಟೆಂದು ಲೆಕ್ಕ ಹಾಕಿದವರಿಲ್ಲ. ಅವರ ನಡೆಯಲ್ಲಿ ಇಂದಿಗೂ ಹಿಡಿದುಕೊಳ್ಳಬಹುದಾದದ್ದು ಮನೆಯಲ್ಲಿ ಮಗುವಿನ ಕಿವಿಗೆ ಏನು ಬೀಳುತ್ತದೆ ಎಂಬುದರ ಬಗೆಗಿನ ಎಚ್ಚರ.

ಕನ್ನಡ ನಾಡಿನ ಮಗುವೊಂದು ಮುಂಬಯಿಗೆ ಬಂದು ಕಲಿತ ಅತ್ಯಂತ ಪ್ರಸಿದ್ಧ ಪ್ರಸಂಗ ಕುಮಾರ ಗಂಧರ್ವರದು. 1924ರಲ್ಲಿ ಬೆಳಗಾವಿ ಸಮೀಪದ ಸುಳೇಭಾವಿಯಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೋಮಕಲಿ ಏಳೆಂಟು ವರ್ಷದ ಹೊತ್ತಿಗೇ ದೊಡ್ಡ ಉಸ್ತಾದರ ಗ್ರಾಮಫೋನ್ ತಟ್ಟೆಗಳನ್ನು ಕೇಳಿ ಹಾಗೆಯೇ ಹಾಡಿ ತೋರಿಸುತ್ತಿದ್ದ ಬಾಲಪ್ರತಿಭೆ. ಊರೂರಿನ ಕಛೇರಿಗಳಲ್ಲಿ ಜನ ಬೆರಗಾಗಿ ಕೇಳುತ್ತಿದ್ದರು. 1930ರ ದಶಕದ ನಡುವಿನಲ್ಲಿ ಆ ಹುಡುಗ ಬಿ. ಆರ್. ದೇವಧರ ಅವರ ಬಳಿಗೆ, ಅವರು 1925ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ್ದ ಸ್ಕೂಲ್ ಆಫ್ ಇಂಡಿಯನ್ ಮ್ಯೂಸಿಕ್‌ಗೆ ಸೇರಿದ. ಅನುಕರಣೆಯಲ್ಲೇ ಚಪ್ಪಾಳೆ ಗಿಟ್ಟಿಸಬಲ್ಲ ಹುಡುಗನಿಗೆ ದೇವಧರರು ಮಾಡಿದ ದೊಡ್ಡ ಉಪಕಾರವೆಂದರೆ, ಯಾರಂತೆಯೋ ಹಾಡುವುದರಿಂದ ಅವನನ್ನು ಬಿಡಿಸಿ, ರಾಗದ ವ್ಯಾಕರಣವನ್ನೂ ಹಲವು ಘರಾನೆಗಳ ಚಿಂತನೆಯನ್ನೂ ಅವನ ಮುಂದಿಟ್ಟು, ತನ್ನಂತೆಯೇ ಹಾಡಲು ಬೇಕಾದ ವರ್ಷಗಳನ್ನು ಕೊಟ್ಟದ್ದು. ಕುಮಾರ ಗಂಧರ್ವರು ಪರಂಪರೆಗೆ ಹೊಸ ದಿಕ್ಕು ತೋರಿದ ಗಾಯಕರಾದರು. ಅದೇ ಕಾಲದ ಎಷ್ಟೋ ‘ಬಾಲ ಗಂಧರ್ವ’ರ ಹೆಸರು ಇಂದು ಯಾರಿಗೂ ನೆನಪಿಲ್ಲ. ಟೀವಿ ಸ್ಪರ್ಧೆಗಳಲ್ಲಿ ಹಿರಿಯ ಗಾಯಕಿಯ ಉಸಿರಾಟವನ್ನೂ ಬಿಡದೆ ನಕಲು ಮಾಡುವ ಎಂಟು ವರ್ಷದ ಮಗುವಿಗೆ ತೀರ್ಪುಗಾರರು ಎದ್ದು ನಿಂತು ಕೈಮುಗಿಯುವ ಈ ಕಾಲದಲ್ಲಿ, ಮಗುವಿನ ಯಶಸ್ಸಿಗೆ ತಡೆ ಹಾಕುವ ಧೈರ್ಯ ಗುರುವಿಗೂ ಬೇಕು, ಆ ಗುರುವನ್ನು ನಂಬುವ ತಾಳ್ಮೆ ಹೆತ್ತವರಿಗೂ ಬೇಕು.

ಸಂಗೀತಗಾರರ ಮನೆಗಳಲ್ಲೂ ಎಲ್ಲವೂ ತಂದೆಯಿಂದಲೇ ಮಗನಿಗೆ ಇಳಿದು ಬರುವುದಿಲ್ಲ. ರತಂಜನಕರ್ ಅವರ ಇನ್ನೊಬ್ಬ ಪ್ರಮುಖ ಶಿಷ್ಯ, ಆಗ್ರಾ ಘರಾನೆಯ ಗಾಯಕ ದಿನಕರ ಕಾಯ್ಕಿಣಿಯವರು ಭಾರತೀಯ ವಿದ್ಯಾಭವನದ ಸಂಗೀತ ಶಿಕ್ಷಣದ ನೇತೃತ್ವ ವಹಿಸಿದ್ದವರು. ಅವರ ಮಗ ಯೋಗೇಶ ಸಂಸಿ ನಾಲ್ಕನೆಯ ವಯಸ್ಸಿನಲ್ಲಿ ತಬಲಾ ಹಿಡಿದದ್ದು ತಂದೆಯ ಬಳಿಯಲ್ಲಿ ಅಲ್ಲ, ಮಂಗಳೂರು ಮೂಲದ ಎಚ್. ತಾರಾನಾಥ ರಾಯರ ಬಳಿ. ಮುಂದೆ ಅವರು ಉಸ್ತಾದ್ ಅಲ್ಲಾರಖಾ ಅವರ ಶಿಷ್ಯರಾದರು. ಬಾನ್ಸುರಿ ವಾದಕ ನಿತ್ಯಾನಂದ ಹಳದೀಪುರ ಅವರ ವಿಷಯದಲ್ಲಿ ಮೊದಲ ಪಾಠ ಹೇಳಿದ್ದು ಪನ್ನಾಲಾಲ್ ಘೋಷರ ಶಿಷ್ಯರಾಗಿದ್ದ ತಂದೆ ನಿರಂಜನ ಹಳದೀಪುರ. ಆ ಬಳಿಕ ಅನ್ನಪೂರ್ಣಾ ದೇವಿಯವರ ಶಿಷ್ಯತ್ವ ದೊರೆಯಿತು. ಸ್ವರವನ್ನು ಬಿಟ್ಟು ಲಯವನ್ನು ಆರಿಸಿಕೊಂಡ ಮಗ ಒಬ್ಬರಾದರೆ, ತಂದೆಯ ವಾದ್ಯವನ್ನೇ ಹಿಡಿದು ಬೇರೆ ಗುರುವಿನತ್ತ ಸಾಗಿದವರು ಇನ್ನೊಬ್ಬರು. ಮನೆಯಲ್ಲಿ ಬಲ್ಲವರಿದ್ದರೂ ಒಂದು ಹಂತದಲ್ಲಿ ಮಗುವನ್ನು ಬೇರೆಯವರ ಕೈಗೆ ಒಪ್ಪಿಸಿ ಹಿಂದೆ ಸರಿಯುವುದು ಈ ಎರಡೂ ಮನೆಗಳಲ್ಲಿ ನಡೆದಿದೆ.

ಸಂಗೀತ ತಿಳಿಯದ ಮನೆಯಲ್ಲಿ ಆರಂಭವಾಗಬೇಕಾದದ್ದು ಶ್ರುತಿಯಿಂದ. ಶ್ರುತಿಯೆಂದರೆ ಹಾಡುವವರು ತಮ್ಮ ಆಧಾರ ಷಡ್ಜವಾಗಿ ಆರಿಸಿಕೊಂಡ ಸ್ವರಸ್ಥಾನ, ಮತ್ತು ಅದನ್ನು ಎಡೆಬಿಡದೆ ನುಡಿಸುವ ತಂಬೂರಿಯ ನಾದ. ತಂಬೂರಿಯ ನಾಲ್ಕು ತಂತಿಗಳು ಸಾಮಾನ್ಯವಾಗಿ ಮಂದ್ರ ಪಂಚಮ, ಎರಡು ಮಧ್ಯ ಷಡ್ಜ, ಮಂದ್ರ ಷಡ್ಜಗಳಿಗೆ ಕೂಡಿರುತ್ತವೆ. ತಂತಿಯ ಕೆಳಗೆ ಕುದುರೆಯ ಮೇಲೆ ಸಿಕ್ಕಿಸುವ ಎಳೆದಾರದಿಂದ, ಅಂದರೆ ಜೀವಾಳಿಯಿಂದ, ಝೇಂಕಾರ ತೆರೆದುಕೊಳ್ಳುತ್ತದೆ. ಮಹಾರಾಷ್ಟ್ರದ ಗಡಿಯ ಮಿರಜದಲ್ಲಿ ತಲೆಮಾರುಗಳಿಂದ ಈ ವಾದ್ಯ ತಯಾರಾಗುತ್ತಿದ್ದು, ಮಿರಜದ ಸಿತಾರ್ ಮತ್ತು ತಾನಪುರಾಗಳಿಗೆ 2024ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿದೆ. ಆದರೆ ನಾಲ್ಕೈದು ಅಡಿ ಎತ್ತರದ, ಬುಡದಲ್ಲಿ ದೊಡ್ಡ ಬುರುಡೆಯಿರುವ ವಾದ್ಯಕ್ಕೆ ಒಂದು ಹಾಲ್, ಒಂದು ಅಡುಗೆಮನೆಯ ಸಂಸಾರದಲ್ಲಿ ಜಾಗ ಎಲ್ಲಿಂದ ಬರಬೇಕು? ಹೀಗಾಗಿ ಬೆಂಗಳೂರಿನ ರಾಡೆಲ್ ಸಂಸ್ಥೆಯಂಥವರು ಬಳಕೆಗೆ ತಂದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮತ್ತು ತಂಬೂರಿಗಳು, ಈಚೆಗೆ ಮೊಬೈಲಿನ ಆ್ಯಪ್‌ಗಳು, ಮುಂಬಯಿಯ ಮನೆಗಳಿಗೆ ಒದಗಿಬಂದಿವೆ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಫೋನಿನ ಸಣ್ಣ ಸ್ಪೀಕರಿನಲ್ಲಿ ಮಂದ್ರ ಸ್ವರ ಕೇಳಿಸುವುದೇ ಇಲ್ಲವಾದ್ದರಿಂದ ಒಂದು ಸಾಧಾರಣ ಬ್ಲೂಟೂತ್ ಸ್ಪೀಕರ್ ಜೋಡಿಸಬೇಕು, ಮತ್ತು ಅಭ್ಯಾಸದ ಹೊತ್ತಿನಲ್ಲಿ ಆ ಫೋನಿಗೆ ಕರೆಯಾಗಲಿ ವಾಟ್ಸ್ಆ್ಯಪ್ ಸಂದೇಶವಾಗಲಿ ಬರದಂತೆ ನೋಡಿಕೊಳ್ಳಬೇಕು, ಅಷ್ಟೆ.

ಹಾರ್ಮೋನಿಯಂ ಬಗ್ಗೆ ಸ್ವಲ್ಪ ಬಿಗಿಯಾಗಿರುವುದು ಒಳ್ಳೆಯದು. ಅದರ ಸಪ್ತಕವನ್ನು ಹನ್ನೆರಡು ಸಮಭಾಗಗಳಾಗಿ ಒಡೆದಿರುವುದರಿಂದ ನಮ್ಮ ರಾಗಗಳ ಸೂಕ್ಷ್ಮ ಸ್ವರಸ್ಥಾನಗಳು ಅದರಲ್ಲಿ ಸಿಗುವುದಿಲ್ಲ. ಇದೇ ಆಕ್ಷೇಪದ ಮೇಲೆ ಆಕಾಶವಾಣಿಯು 1940ರಿಂದ ಸುಮಾರು ಮೂರು ದಶಕ ಅದನ್ನು ಹೊರಗಿಟ್ಟಿತ್ತು. ನಿಷೇಧ ಅತಿಯಾಯಿತು ಎನ್ನುವವರೂ ಒಪ್ಪುವ ಸಂಗತಿಯೆಂದರೆ, ಪ್ರತಿ ಸ್ವರಕ್ಕೂ ಮನೆ ಒತ್ತಿ ಊರುಗೋಲು ಪಡೆಯುವ ಮಗುವಿಗೆ ತಂಬೂರಿಯ ನಾದದಲ್ಲಿ ಸ್ವರವನ್ನು ತಾನೇ ಹುಡುಕುವ ಅಭ್ಯಾಸ ತಡವಾಗುತ್ತದೆ. ಇದರ ಜೊತೆಗೆ, ಶ್ರುತಿಯ ಹೆಸರುಗಳು ಮುಂಬಯಿಯ ಕನ್ನಡ ಮನೆಗಳಲ್ಲಿ ಎಬ್ಬಿಸುವ ಗೊಂದಲವನ್ನೂ ಬಿಡಿಸಿಕೊಳ್ಳಬೇಕು: ಮಾಟುಂಗಾದ ಕರ್ನಾಟಕ ಸಂಗೀತದ ಟೀಚರು ‘ಐದೂವರೆ ಮನೆ’ ಎಂದದ್ದನ್ನೇ ಪಾರ್ಲೆಯ ಹಿಂದೂಸ್ತಾನಿ ಗುರುಗಳು ‘ಕಾಳಿ ಚಾರ್’, ಅಂದರೆ ನಾಲ್ಕನೆಯ ಕಪ್ಪು ಮನೆ, ಎನ್ನುತ್ತಾರೆ. ಗುರು ಹೇಳಿದ ಶ್ರುತಿಯನ್ನು ಮನೆಯಲ್ಲಿ ಅರ್ಧ ಮನೆಯೂ ಏರಿಸಬಾರದು, ಇಳಿಸಬಾರದು. ಎತ್ತರದ ಶ್ರುತಿಯಲ್ಲಿ ಕಿರುಚಿ ಹಾಡಿದರೆ ಕೇಳಲು ಚುರುಕಾಗಿರುತ್ತದೆ ನಿಜ, ಕಂಠ ಕೆಡುವುದೂ ಅದರಿಂದಲೇ.

ಇನ್ನು ಜಾಗ ಮತ್ತು ಹೊತ್ತಿನ ಪ್ರಶ್ನೆ. ಸಾಂತಾಕ್ರೂಜ್ ಪೂರ್ವದ ಮನೆಯೊಂದರಲ್ಲಿ ಅಭ್ಯಾಸಕ್ಕೆ ಕೂತ ಮಗುವಿಗೆ ಡೊಮೆಸ್ಟಿಕ್ ಏರ್‌ಪೋರ್ಟಿನ ವಿಮಾನಗಳ ಮೊರೆತ, ಎಕ್ಸ್‌ಪ್ರೆಸ್ ಹೈವೇಯ ಹಾರ್ನು, ಪುನರ್ನಿರ್ಮಾಣಕ್ಕೆ ಬಿದ್ದ ಪಕ್ಕದ ಕಟ್ಟಡದ ಡ್ರಿಲ್ಲು, ಒಳಗೆ ಪ್ರೆಷರ್ ಕುಕ್ಕರಿನ ಸೀಟಿ ಮತ್ತು ಅಜ್ಜಿಯ ಧಾರಾವಾಹಿ ಎಲ್ಲವೂ ಒಟ್ಟಿಗೆ ಕೇಳಿಸುತ್ತವೆ. ಬ್ರಾಹ್ಮೀ ಮುಹೂರ್ತದ ಸಾಧಕವೇ ಶ್ರೇಷ್ಠ ಎಂಬ ಮಾತು ಹಳ್ಳಿಯ ತೊಟ್ಟಿಮನೆಗೆ ಸರಿ. ಗೋಡೆಗೆ ಗೋಡೆ ಅಂಟಿದ ಬಿಲ್ಡಿಂಗಿನಲ್ಲಿ ಐದು ಗಂಟೆಗೆ ಮಂದ್ರ ಸಾಧನೆ ಆರಂಭಿಸಿದರೆ ಸೊಸೈಟಿಯ ಸಭೆಯಲ್ಲಿ ವಿಷಯ ಬರುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗಿನ ಅವಧಿಯನ್ನು ರಾತ್ರಿಯೆಂದು ಗುರುತಿಸಿ, ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯನ್ನು ಹೇಳುತ್ತವೆ. ನೆರೆಯವರೊಂದಿಗಿನ ವ್ಯವಹಾರವನ್ನು ಕಾನೂನಿನಿಂದ ನಡೆಸಲಾಗದು, ಆದರೂ ಬೆಳಗಿನ ಆರು ಗಂಟೆಯ ಗೆರೆ ಒಂದು ಒಳ್ಳೆಯ ಮರ್ಯಾದೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮರಾಠಿ ನೆರೆಮನೆಯ ವಾಮಕುಕ್ಷಿಗೆ ಭಂಗ ತರದಿರುವುದು ಯಾವ ನಿಯಮದಲ್ಲೂ ಇಲ್ಲ, ಆದರೆ ಬಿಲ್ಡಿಂಗಿನಲ್ಲಿ ಬದುಕಿದವರಿಗೆ ಅದರ ತೂಕ ಗೊತ್ತು. ಮುಂಬಯಿಯ ಹಲವು ಶಾಲೆಗಳು ಬೆಳಗಿನ ಮತ್ತು ಮಧ್ಯಾಹ್ನದ ಪಾಳಿಗಳಲ್ಲಿ ನಡೆಯುವುದರಿಂದ, ಮಧ್ಯಾಹ್ನದ ಪಾಳಿಯ ಮಗುವಿಗೆ ದೊಡ್ಡವರು ಲೋಕಲ್ ಹಿಡಿಯಲು ಹೊರಟ ಮೇಲಿನ ಒಂಬತ್ತು ಗಂಟೆಯ ಹೊತ್ತು, ಬೆಳಗಿನ ಪಾಳಿಯ ಮಗುವಿಗೆ ಸಂಜೆ ಆಟಕ್ಕೆ ಇಳಿಯುವ ಮುಂಚಿನ ಹೊತ್ತು ಹೊಂದುತ್ತದೆ. ಆಟವನ್ನು ಕಿತ್ತುಕೊಂಡು ಅದೇ ಹೊತ್ತಿಗೆ ಸಂಗೀತಕ್ಕೆ ಕೂರಿಸಿದರೆ ಮಗು ದ್ವೇಷಿಸಲು ಕಲಿಯುವುದು ಸಂಗೀತವನ್ನು.

ಏಳೆಂಟು ವರ್ಷದ ಮಗುವಿಗೆ ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ಅದು ದಿನವೂ ಆಗಬೇಕು. ಭಾನುವಾರ ಒಂದೇ ಬಾರಿಗೆ ಎರಡು ಗಂಟೆ ಕೂತರೆ ಅದಕ್ಕೆ ಸಮನಾಗುವುದಿಲ್ಲ. ಈ ಇಪ್ಪತ್ತು ನಿಮಿಷದಲ್ಲಿ ಸಂಗೀತ ಬಾರದ ತಾಯಿಯೋ ತಂದೆಯೋ ಗಮನಿಸಬಹುದಾದದ್ದು ಬಹಳವಿದೆ. ಪುರಂದರದಾಸರ ಹೆಸರಿನಲ್ಲಿ ಬಂದಿರುವ ಸರಳೆ ವರಸೆಗಳು, ಅಂದರೆ ಸ್ವರಗಳ ಸರಳ ಜೋಡಣೆಯ ಮೊದಲ ಪಾಠಗಳು, ಮಾಯಾಮಾಳವಗೌಳ ರಾಗದಲ್ಲಿವೆ. ಆದಿತಾಳದ ಎಂಟು ಎಣಿಕೆಗೆ, ಒಂದು ಪೆಟ್ಟು, ಮೂರು ಬೆರಳೆಣಿಕೆ, ಮತ್ತೆ ಎರಡು ಸಲ ಪೆಟ್ಟು ಮತ್ತು ಹುಸಿ ಎಂಬ ಕ್ರಮದಲ್ಲಿ, ಮೊದಲ ಕಾಲದಲ್ಲಿ ಎಣಿಕೆಗೊಂದು, ಎರಡರಲ್ಲಿ ಎರಡು, ಮೂರರಲ್ಲಿ ನಾಲ್ಕು ಸ್ವರ ಬರುತ್ತವೆ. ಮೂರನೆಯ ಕಾಲಕ್ಕೆ ಬಂದಾಗ ಬಾಯಿಯ ಜೊತೆ ಕೈಯೂ ಓಡತೊಡಗುತ್ತದೆ. ತೊಡೆಯ ಮೇಲಿನ ಪೆಟ್ಟು ಮೊದಲಿನಷ್ಟೇ ಸಾವಧಾನವಾಗಿದೆಯೇ ಎಂದು ನೋಡಲು ಸಂಗೀತ ಜ್ಞಾನ ಬೇಕಿಲ್ಲ, ಕಣ್ಣು ಸಾಕು. ಹಾಗೆಯೇ ಈ ರಾಗದ ರಿಷಭ ಷಡ್ಜಕ್ಕೆ ಒತ್ತಿಕೊಂಡಿದೆ, ಗಾಂಧಾರ ದೂರದಲ್ಲಿದೆ. ಆ ಜಿಗಿತವನ್ನು ಸುಲಭ ಮಾಡಿಕೊಳ್ಳಲು ಮಗು ರಿಷಭವನ್ನು ತುಸು ಮೇಲಕ್ಕೆತ್ತುತ್ತದೆ. ಪಾಠದ ದಿನ ಗುರುಗಳ ಒಪ್ಪಿಗೆ ಪಡೆದು ಫೋನಿನಲ್ಲಿ ಮುದ್ರಿಸಿಕೊಂಡ ಐದು ನಿಮಿಷದ ತುಣುಕನ್ನು ಹಾಕಿ, ಅದನ್ನೂ ತನ್ನ ಹಾಡನ್ನೂ ಮಗುವೇ ಹೋಲಿಸಿ ಕೇಳುವಂತೆ ಮಾಡಿದರೆ ತಿದ್ದುವ ಕೆಲಸ ಅರ್ಧ ಮುಗಿಯಿತು. ತಬಲಾ, ಮೃದಂಗ ಕಲಿಯುವ ಮಗುವಿನ ಮನೆಯಲ್ಲಿ ಮುಂಬಯಿಯ ಮಳೆಗಾಲದ ನಾಲ್ಕು ತಿಂಗಳು ಚರ್ಮ ತೇವ ಹೀರಿ ಸಡಿಲಾಗಿ ನಾದ ಇಳಿಯುತ್ತದೆಂಬುದನ್ನು ನೆನಪಿಟ್ಟು, ವಾದ್ಯವನ್ನು ಕಿಟಕಿಯಿಂದ ದೂರ ಬಟ್ಟೆ ಸುತ್ತಿ ಇಡಬೇಕು. ಜುಲೈ ತಿಂಗಳಲ್ಲಿ ಮಗುವಿನ ಕೈ ಕೆಟ್ಟಿತೆಂದು ಬೈಯುವ ಮೊದಲು ವಾದ್ಯವನ್ನು ನೋಡಬೇಕು.

ತಿದ್ದುವವರು ಯಾರು ಎಂಬಲ್ಲಿ ಸಂಗೀತ ಬಲ್ಲ ಮನೆಗಳೇ ಹೆಚ್ಚು ಎಡವುತ್ತವೆ. ಮೈಸೂರಿನಲ್ಲೋ ಉಡುಪಿಯಲ್ಲೋ ಸಂಗೀತದ ಸೀನಿಯರ್ ಪರೀಕ್ಷೆ ಮುಗಿಸಿ ಮದುವೆಯಾಗಿ ಮುಂಬಯಿಗೆ ಬಂದ ತಾಯಿ ಕಲಿತ ಪಾಠಾಂತರ ಒಂದು, ಮಗಳ ಗುರುವಿನದು ಇನ್ನೊಂದು. ಪಾಠಾಂತರವೆಂದರೆ ಒಂದೇ ಕೃತಿ ಒಂದೊಂದು ಶಿಷ್ಯಪರಂಪರೆಯಲ್ಲಿ ಉಳಿದು ಬಂದ ರೂಪಭೇದ, ಎರಡೂ ಸರಿಯಿರಬಹುದು. ‘ನಮ್ಮ ಮೇಷ್ಟ್ರು ಹೀಗೆ ಹೇಳಿಕೊಟ್ಟಿರಲಿಲ್ಲ’ ಎಂಬ ಒಂದೇ ಮಾತಿಗೆ ಮಗುವಿನ ಮನಸ್ಸಿನಲ್ಲಿ ಗುರುವಿನ ಮೇಲಿನ ನಂಬಿಕೆ ಬಿರುಕು ಬಿಡುತ್ತದೆ. ಸಂಗೀತ ಬಾರದ ಹೆತ್ತವರು ಈ ವಿಷಯದಲ್ಲಿ ಕೀಳರಿಮೆ ಪಡಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಜೇನ್ ಡೇವಿಡ್‌ಸನ್, ಜಾನ್ ಸ್ಲೊಬೊಡಾ ಮತ್ತು ಸಂಗಡಿಗರು ಎಂಟರಿಂದ ಹದಿನೆಂಟು ವರ್ಷದೊಳಗಿನ 257 ಮಂದಿ ಕಲಿಕೆದಾರರ ಕುಟುಂಬಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಚೆನ್ನಾಗಿ ಮುಂದುವರಿದ ಮಕ್ಕಳ ಹೆತ್ತವರು ಸಂಗೀತಗಾರರಾಗಿರಬೇಕೆಂದೇನೂ ಇರಲಿಲ್ಲ. ಅವರು ಆರಂಭದ ವರ್ಷಗಳಲ್ಲಿ ಪಾಠಕ್ಕೆ ಜೊತೆಗೆ ಹೋಗಿ, ಗುರುವಿನಿಂದ ವಿಚಾರಿಸಿಕೊಂಡು, ಮನೆಯ ಅಭ್ಯಾಸದ ಬಳಿ ಕುಳಿತವರಾಗಿದ್ದರು, ಮತ್ತು ಮಗು ದೊಡ್ಡದಾದಂತೆ ಹಿಂದೆ ಸರಿದವರಾಗಿದ್ದರು. ಕಲಿಕೆ ನಿಲ್ಲಿಸಿದ ಮಕ್ಕಳ ಮನೆಗಳಲ್ಲಿ ಇದು ತಿರುವುಮುರುವು: ಮೊದಲು ಉದಾಸೀನ, ಹದಿಹರೆಯದಲ್ಲಿ ಒತ್ತಾಯ. ಜಪಾನಿನ ಶಿನಿಚಿ ಸುಜುಕಿ (1898–1998) ತಮ್ಮ ವಯೊಲಿನ್ ಶಿಕ್ಷಣದಲ್ಲಿ ಮಗುವಿಗಿಂತ ಮೊದಲು ತಾಯಿಗೇ ಒಂದೆರಡು ಪಾಠ ಕಲಿಸುತ್ತಿದ್ದುದು ತಾಯಿ ಟೀಚರಾಗಲಿ ಎಂದಲ್ಲ. ಮಗು ತಾನು ಕೇಳಿದ ಮಾತನ್ನು ಹೇಗೆ ಆಡುತ್ತದೆಯೋ ಹಾಗೆ ಕೇಳಿದ ನಾದವನ್ನು ನುಡಿಸುತ್ತದೆ ಎಂಬ ನಂಬಿಕೆಯಿಂದ.

ಕರ್ನಾಟಕ ಪದ್ಧತಿಯೋ ಹಿಂದೂಸ್ತಾನಿಯೋ ಎಂಬ ಚರ್ಚೆ ಮುಂಬಯಿಯ ಕನ್ನಡ ಮನೆಗಳಲ್ಲಿ ಅಗತ್ಯಕ್ಕಿಂತ ಉದ್ದವಾಗುತ್ತದೆ. ಕರಾವಳಿಯ ಮನೆಯ ಮಗು ಹಿಂದೂಸ್ತಾನಿಯ ಭೂಪ್, ಯಮನ್ ರಾಗಗಳಿಂದ ಆರಂಭಿಸಿದರೆ ದಾಸಸಾಹಿತ್ಯ ಕೈತಪ್ಪುವುದಿಲ್ಲ. ದಾಸರ ಪದಗಳನ್ನು ಮನೆಮನೆಗೆ ಮುಟ್ಟಿಸಿದವರಲ್ಲಿ ಭೀಮಸೇನ ಜೋಶಿಯವರೇ ಮುಂದಿದ್ದಾರೆ. ನಡೆದು ಹೋಗಿ ಬರುವಷ್ಟು ಹತ್ತಿರದಲ್ಲಿ, ಮಕ್ಕಳನ್ನು ಕಂಡರೆ ಅಕ್ಕರೆಯಿರುವ ಗುರು ಯಾವ ಪದ್ಧತಿಯವರೋ ಆ ಪದ್ಧತಿ ಮೊದಲ ಐದು ವರ್ಷಕ್ಕೆ ಸರಿಯಾದ ಪದ್ಧತಿ.

ಪರೀಕ್ಷೆಗಳ ವಿಷಯ ಹಾಗೆ ಸುಲಭದ್ದಲ್ಲ. ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ಸ್ಥಾಪಿಸಿ, 1908ರಲ್ಲಿ ಮುಂಬಯಿಯಲ್ಲೂ ಶಾಖೆ ತೆರೆದು, ಸಂಗೀತವನ್ನು ಮರ್ಯಾದಸ್ಥ ಮನೆಗಳ ಮಕ್ಕಳಿಗೆ ಮುಟ್ಟಿಸಿದರು. ಅವರ ಶಿಷ್ಯರು ಕಟ್ಟಿದ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ ಎಂಬ ಹಂತಗಳು ಇಂದು ಸಾಂತಾಕ್ರೂಜ್‌ನ ಮನೆಗಳಲ್ಲಿ ಶಾಲೆಯ ತರಗತಿಗಳಷ್ಟೇ ಪರಿಚಿತ. ಮಹಾರಾಷ್ಟ್ರ ರಾಜ್ಯ ಮಂಡಳಿಯ ಹತ್ತನೆಯ ತರಗತಿಯಲ್ಲಿ ಶಾಸ್ತ್ರೀಯ ಕಲೆಗಳ ನಿಗದಿತ ಪರೀಕ್ಷೆ ಪಾಸಾದವರಿಗೆ ಹೆಚ್ಚುವರಿ ಅಂಕ ಸಿಗುವ ವ್ಯವಸ್ಥೆ ಬಂದ ಮೇಲಂತೂ ಈ ಪರೀಕ್ಷೆಗಳ ಬೇಡಿಕೆಗೆ ಬೇರೆಯೇ ಕಾರಣ ಸೇರಿಕೊಂಡಿದೆ. ಪರೀಕ್ಷೆಯಿಂದ ಒಂದು ಶಿಸ್ತು, ಒಂದು ಗುರಿ ಸಿಗುತ್ತದೆ ಎಂಬುದು ನಿಜ. ಆದರೆ ಹತ್ತನೆಯ ತರಗತಿಯೊಳಗೆ ಇಷ್ಟು ಹಂತ ಮುಗಿಯಬೇಕೆಂಬ ಲೆಕ್ಕ ಹಿಡಿದು, ಆರು ತಿಂಗಳಲ್ಲಿ ಹತ್ತು ಹನ್ನೆರಡು ರಾಗಗಳ ಬಂದಿಶ್‌ಗಳನ್ನು, ಅಂದರೆ ತಾಳಬದ್ಧ ರಚನೆಗಳನ್ನು, ಉರುಹೊಡೆಸಿ ಮರುವರ್ಷ ಮರೆಸುವ ಕಲಿಕೆ ಪಲುಸ್ಕರರ ಉದ್ದೇಶವಾಗಿರಲಿಲ್ಲ. ಸಂಗೀತದಿಂದ ಗಣಿತದ ಅಂಕ ಏರುತ್ತದೆ, ಬುದ್ಧಿ ಚುರುಕಾಗುತ್ತದೆ ಎಂಬ ನಂಬಿಕೆಯೂ ಇದೇ ಗುಂಪಿನದು. ಅದರ ಮೂಲವೆನ್ನಲಾಗುವ 1993ರ ಪ್ರಯೋಗ ನಡೆದದ್ದು ಕಾಲೇಜು ವಿದ್ಯಾರ್ಥಿಗಳ ಮೇಲೆ, ಮೊಜಾರ್ಟ್ ಕೇಳಿದ ಬಳಿಕ ಆಕೃತಿಗಳನ್ನು ಊಹಿಸುವ ಒಂದು ಬಗೆಯ ಪರೀಕ್ಷೆಯಲ್ಲಿ ಕಂಡ ಸುಧಾರಣೆ ಉಳಿದದ್ದು ಹತ್ತು ಹದಿನೈದು ನಿಮಿಷ. ಇಷ್ಟಕ್ಕೆ ಏಳು ವರ್ಷದ ಸಾಧಕ ಏಕೆ?

ವೇದಿಕೆಯ ಆಸೆ ಸಹಜ, ಮತ್ತು ಸಮುದಾಯದ ಭವನಗಳಲ್ಲಿ, ಮಠದ ಭಜನೆಯಲ್ಲಿ ಹತ್ತು ಮಕ್ಕಳ ನಡುವೆ ಒಬ್ಬಳಾಗಿ ಹಾಡುವುದು ಭಯ ಬಿಡಿಸುವ ಒಳ್ಳೆಯ ದಾರಿ. ಮನೆಗೆ ಬಂದ ನೆಂಟರ ಮುಂದೆ ‘ಅಂಕಲ್‌ಗೆ ಒಂದು ಹಾಡು ಹೇಳು ಪುಟ್ಟಾ’ ಎಂದು ನಿಲ್ಲಿಸುವುದು ಮಾತ್ರ ಬೇರೆ; ನೆಂಟರು ಕಾಫಿ ಕುಡಿಯುತ್ತ ಫೋನ್ ನೋಡುತ್ತಿರುತ್ತಾರೆ, ಮಗು ಅದನ್ನು ಗಮನಿಸುತ್ತಿರುತ್ತದೆ. ಹುಡುಗರ ವಿಷಯದಲ್ಲಿ ಹನ್ನೆರಡರಿಂದ ಹದಿನೈದರ ನಡುವೆ ಧ್ವನಿಪೆಟ್ಟಿಗೆ ಬೆಳೆದು ಧ್ವನಿ ಸುಮಾರು ಒಂದು ಸಪ್ತಕದಷ್ಟು ಕೆಳಗಿಳಿಯುವಾಗ, ಶ್ರುತಿ ಇಳಿಸಿ, ತಾರಸ್ಥಾಯಿ ಬಿಟ್ಟು, ಮೆಲುದನಿಯಲ್ಲಿ ಅಭ್ಯಾಸ ಉಳಿಸಿಕೊಳ್ಳಬೇಕು. ಆ ವರ್ಷಗಳಲ್ಲಿ ಹಾಡು ಕೆಟ್ಟಿತೆಂದು ನಾಚಿ ಬಿಟ್ಟ ಹುಡುಗರಲ್ಲಿ ಹೆಚ್ಚಿನವರು ಮರಳಿ ಬರುವುದಿಲ್ಲ, ಮನೆಯವರು ನಗೆಯಾಡಿದರೆ ಖಂಡಿತ ಬರುವುದಿಲ್ಲ.

ಮಗು ಕಲಿಕೆ ಬಿಡುತ್ತೇನೆಂದಾಗ ಅದು ಗುರುವನ್ನು ಬಿಡುವುದೋ, ವಾದ್ಯವನ್ನು ಬಿಡುವುದೋ, ದೂರದ ಪ್ರಯಾಣವನ್ನು ಬಿಡುವುದೋ ಎಂದು ವಿಚಾರಿಸಿ ತಿಳಿಯುವಷ್ಟು ವ್ಯವಧಾನ ಬೇಕು. ಸಂಗೀತವನ್ನೇ ಬಿಡಬೇಕೆಂದಿದ್ದರೆ ಬಿಡಲಿ. ಐದು ವರ್ಷ ಕಲಿತು ಬಿಟ್ಟ ಮಗು ಷಣ್ಮುಖಾನಂದದ ಸಭಾಂಗಣದಲ್ಲಿ ಮುಂದೊಂದು ದಿನ ತಾಳ ಹಾಕುತ್ತ ಕೂರುವ ರಸಿಕನಾಗುತ್ತಾನೆ, ಮತ್ತು ಗಾಯಕರ ಸಂಖ್ಯೆ ಹೆಚ್ಚುತ್ತ ಕೇಳುಗರ ಸಂಖ್ಯೆ ಇಳಿಯುತ್ತಿರುವ ಇಂದಿನ ಸ್ಥಿತಿಯಲ್ಲಿ ಅದನ್ನು ನಷ್ಟದ ಬಾಬತ್ತಿಗೆ ಸೇರಿಸುವುದು ತಪ್ಪು ಲೆಕ್ಕ.

ಮನೆಯೊಂದೇ ಬಗೆಹರಿಸಲಾಗದ ತೊಂದರೆ ಜಾಗದ್ದು. ಅದಕ್ಕೆ ಸಮುದಾಯವೇ ಕೈಜೋಡಿಸಬೇಕು. ಮುಂಬಯಿಯ ಕನ್ನಡಿಗರು ತಲೆಮಾರುಗಳ ಶ್ರಮದಿಂದ ಕಟ್ಟಿದ ಭವನಗಳು, ಮಠಗಳು, ಸಂಘಗಳ ಕಟ್ಟಡಗಳು ಸಾಂತಾಕ್ರೂಜ್‌ನಲ್ಲೂ ಮಾಟುಂಗಾದಲ್ಲೂ ಮಾಹಿಮಿನಲ್ಲೂ ಇವೆ. ವಾರದ ಕೊನೆಯಲ್ಲಿ ಮದುವೆ, ಸಮಾರಂಭಗಳಿಂದ ತುಂಬುವ ಇಂಥ ಕಟ್ಟಡಗಳಲ್ಲಿ ವಾರದ ನಡುವಿನ ಸಂಜೆಗಳಿಗೆ ಒಂದು ಸಣ್ಣ ಕೋಣೆ ಹುಡುಕಿದರೆ ಸಿಕ್ಕೀತು. ಸೋಮವಾರದಿಂದ ಗುರುವಾರದವರೆಗೆ ಸಂಜೆ ಐದರಿಂದ ಏಳರ ತನಕ ಅಂಥ ಒಂದು ಕೋಣೆಯನ್ನು ಒಂದು ಚಾಪೆ, ಒಂದು ಶ್ರುತಿಪೆಟ್ಟಿಗೆಯೊಂದಿಗೆ ಅಭ್ಯಾಸಕ್ಕೆ ಬರುವ ಮಕ್ಕಳಿಗೆ ಬಾಡಿಗೆಯಿಲ್ಲದೆ ತೆರೆದಿಡಲು, ನಿವೃತ್ತ ಹಿರಿಯರೊಬ್ಬರನ್ನು ಸುಮ್ಮನೆ ಕೇಳುತ್ತ ಕೂರಲು ಒಪ್ಪಿಸಲು, ಈ ಸಂಸ್ಥೆಗಳ ಕಾರ್ಯಕಾರಿ ಸಮಿತಿಗಳು ಮನಸ್ಸು ಮಾಡಲಿ. ಈ ಬೇಡಿಕೆಯನ್ನು ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಎತ್ತಬೇಕಾದವರು ಸಂಗೀತ ಕಲಿಯುವ ಮಕ್ಕಳ ಹೆತ್ತವರೇ.